ಎಳೆ ದಡಾರ

ನನಗೆ ಒಂಬತ್ತು ವರ್ಷವಿದ್ದಾಗ ಮೈಮೇಲೆ ಕೆಂಪು ಗಂಧೆ ಎದ್ದಿತು. ಎರಡು ಮೂರು ದಿನವಿದ್ದು, ಬಂದ ಹಾಗೆಯೇ ಹೋಯಿತು. ಕಲೆ ಉಳಿಯಲಿಲ್ಲ, ಮೈ ಸೊರಗಲಿಲ್ಲ, ಶಾಲೆಯಲ್ಲಿ ಮಾಸ್ತರರು ಕೂಡ ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ. ಅದನ್ನು ಕಾಯಿಲೆಯೆಂದು ಲೆಕ್ಕಕ್ಕೇ ಹಿಡಿಯದೆ ನಾವು ವರ್ಷಗಟ್ಟಲೆ ಬದುಕಿದೆವು. ಆಮೇಲೆ ಭಟ್ಕಳದ ಒಂದು ದವಾಖಾನೆಯಲ್ಲಿ ನಾನು ಅದರ ಹೆಸರು ಕೇಳಿದೆ. ಅವತ್ತಿನಿಂದ ಅದು ನನ್ನನ್ನು ಬಿಟ್ಟಿಲ್ಲ.

ಹೊನ್ನಾವರದಲ್ಲಿ ಬಂದರಿಗೆ ಹತ್ತಿರದ ಕೇರಿಯಲ್ಲಿ ನಮ್ಮ ಮನೆ. ಅಪ್ಪ ಬೇರೆಯವರ ಬೋಟಿನಲ್ಲಿ ಮೀನು ಹಿಡಿಯಲು ಹೋಗುತ್ತಿದ್ದ. ಆಯಿ, ಎಂದರೆ ನನ್ನ ತಾಯಿ, ಬೋಟು ಬಂದು ನಿಲ್ಲುವ ಧಕ್ಕೆಯಲ್ಲಿ ಮೀನು ಕೊಂಡು, ಬುಟ್ಟಿ ಹೊತ್ತು ಮನೆಮನೆಗೆ ಮಾರಿ, ಮಿಕ್ಕದ್ದಕ್ಕೆ ಉಪ್ಪು ಹಾಕಿ ಮರಳಿನ ಮೇಲೆ ಒಣಗಿಸುತ್ತಿದ್ದಳು. ಜೊತೆಗೆ ಅಪ್ಪನ ತಾಯಿ, ನನ್ನ ಅಜ್ಜಿ. ಮನೆಗೆ ನಾನೊಬ್ಬಳೇ ಮಗು. ನನ್ನ ನಂತರ ಆಯಿಗೆ ಎರಡು ಸಲ ಬಸಿರು ನಿಂತು, ನಿಂತಷ್ಟೇ ಬೇಗ ಹೋಗಿತ್ತು. ಇನ್ನೊಂದು ಮಗುವಿನ ಮಾತು ಬಂದರೆ ಅಜ್ಜಿ ಇಡಗುಂಜಿ ದೇವಸ್ಥಾನದ ದಿಕ್ಕಿಗೆ ತಿರುಗಿ ಕೈಮುಗಿಯುತ್ತಿದ್ದಳು.

ಆ ವರ್ಷ ಜನವರಿಯಲ್ಲಿ ಆಯಿ ನನ್ನನ್ನು ಹೊಳನಗದ್ದೆಯ ಮಾವನ ಮನೆಗೆ ಕಳಿಸಿದಳು. ಮಾವ ಎಂದರೆ ಆಯಿಯ ಅಣ್ಣ. ಅವನಿಗೆ ನನ್ನದೇ ಓರಗೆಯ ಮೂವರು ಮಕ್ಕಳು. ಕೊಯ್ಲು ಮುಗಿದ ಗದ್ದೆಯಲ್ಲಿ ದಿನವಿಡೀ ಓಡುವುದು, ಹುಲ್ಲಿನ ರಾಶಿಯ ಮೇಲಿಂದ ಜಾರುವುದು, ಅದು ನನ್ನ ಪಾಲಿನ ಸ್ವರ್ಗ. ನಾನು ಹೋದ ಮರುದಿನವೇ ಅವರಲ್ಲಿ ದೊಡ್ಡವಳ ಮುಖದ ಮೇಲೆ ಸಣ್ಣ ಸಣ್ಣ ಕೆಂಪು ಚುಕ್ಕೆ ಕಾಣಿಸಿತು. ಸಂಜೆಯೊಳಗೆ ಎದೆಗೆ, ಕೈಗೆ ಇಳಿಯಿತು. ಅತ್ತೆ ಅವಳ ಕಿವಿಯ ಹಿಂದೆ ಒತ್ತಿ ನೋಡಿ, ಅಲ್ಲಿ ಗಂಟು ಕಟ್ಟಿದ್ದನ್ನು ತೋರಿಸಿ ನನಗೆ ಹೇಳಿದಳು:

"ನೀ ಒಳಗೆ ನನ್ ಹತ್ರ ಮಲ್ಕಾ. ಇವಳ ಸಂತಿಗೆ ಮಲಗೂದು ಬೇಡ."

ನಾನು ಅಳತೊಡಗಿದೆ. ಹಟ ಮಾಡಿದೆ. ಅವರೆಲ್ಲ ಒಂದೇ ಕಂಬಳಿಯಲ್ಲಿ ಪಿಸುಗುಟ್ಟುತ್ತ ಮಲಗುವಾಗ ನಾನೊಬ್ಬಳೇ ಒಳಗೆ ಯಾಕೆ? ಕೊನೆಗೆ ಬೇಸತ್ತು ಅತ್ತೆಯೇ "ಹೋಗು, ಹಾಳಾಗು" ಎಂದಳು. ಆ ಕಂಬಳಿಯೊಳಗೆ ನುಗ್ಗಿದ್ದು ಈಗಲೂ ನೆನಪಿದೆ. ಅಷ್ಟು ಬೆಚ್ಚಗಿತ್ತು.

ನನಗೆ ಗಂಧೆ ಎದ್ದದ್ದು ಹೊನ್ನಾವರಕ್ಕೆ ಮರಳಿ ಎಷ್ಟೋ ದಿನವಾದ ಮೇಲೆ. ಬೆಳಿಗ್ಗೆ ಮುಖ ತೊಳೆಯುತ್ತಿದ್ದಾಗ ಅಜ್ಜಿ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು.

"ಮುಖ ಎಲ್ಲ ಕೆಂಪಾತಲ್ಲೆ. ಎಂತ ತಂದೆ ಹೊಳನಗದ್ದೆಯಿಂದ?"

ಸೆರಗಿನಲ್ಲಿ ನನ್ನ ಮುಖ ಒರೆಸಿ, ಇನ್ನೊಮ್ಮೆ ನೋಡಿ, ಆಯಿಯನ್ನು ಕರೆದು ತೀರ್ಪು ಕೊಟ್ಟಳು: "ಪೂರಾ ದಡಾರ ಅಲ್ಲ ಇದು. ಎಳೆ ದಡಾರ. ನಾಲ್ಕ್ ದಿನ ಇಲ್ಲ, ಹೋಗ್ತದೆ. ರಾತ್ರಿ ನಿನ್ ಹತ್ರ ಮಲಗಿಸ್ಕೊ, ಚಳಿ ತಾಗೂಕೆ ಬಿಡ್ಬೇಡ."

ದೊಡ್ಡದಿರಲಿ, ಎಳೆಯದಿರಲಿ, ಮೈಮೇಲೆ ಎದ್ದರೆ ನಮ್ಮಲ್ಲಿ ಅದು ಅಮ್ಮನೇ. ಬಾಗಿಲಿಗೆ ಬೇವಿನ ಸೊಪ್ಪು ಬಂತು. ಒಗ್ಗರಣೆ ನಿಂತಿತು. ಮೀನು ಮನೆಯೊಳಗೆ ಬರುವ ಹಾಗಿಲ್ಲ, ಮನೆಯವರು ಮೀನಿನ ವ್ಯಾಪಾರಕ್ಕೆ ಹೋಗುವ ಹಾಗೂ ಇಲ್ಲ. ಆಯಿ ಹಗಲಿಡೀ ನನ್ನ ಕೈಗೆ ಸಿಕ್ಕಿದಳು. ಅದೇ ನನ್ನ ಪಾಲಿಗೆ ಹಬ್ಬ. ಜ್ವರ ಇತ್ತೋ ಇಲ್ಲವೋ ಎನ್ನುವಷ್ಟಿತ್ತು. ಎಳನೀರು ಸಿಕ್ಕಿತು, ಬೆಲ್ಲ ಹಾಕಿದ ಗಂಜಿ ಸಿಕ್ಕಿತು. ಆಯಿ ಬೇವಿನ ಎಸಳಿನಿಂದ ಬೆನ್ನು ಸವರುತ್ತಿದ್ದರೆ ನಾನು ಅವಳ ಮಡಿಲಲ್ಲಿ ಮುಖ ಹುದುಗಿಸಿ ಮಲಗುತ್ತಿದ್ದೆ. ಕೆಮ್ಮು ಬಂದರೂ ಅಲ್ಲೇ ಕೆಮ್ಮುತ್ತಿದ್ದೆ. ಅವಳಿಗೆ ಆಗ ಮುಟ್ಟು ನಿಂತು ಸ್ವಲ್ಪವೇ ದಿನವಾಗಿತ್ತು. ಅಜ್ಜಿಗೂ ಇನ್ನೂ ಹೇಳಿರಲಿಲ್ಲ.

ನನ್ನದು ಹೋಗಿ, ಬೇವಿನ ಸೊಪ್ಪು ಒಣಗಿ, ಆಯಿ ಮತ್ತೆ ಬುಟ್ಟಿ ಹೊತ್ತಳು. ಅಷ್ಟರಲ್ಲಿ ಬಸಿರಿನ ಸುದ್ದಿ ಅಜ್ಜಿಗೂ ಅಪ್ಪನಿಗೂ ಗೊತ್ತಾಗಿ ಮನೆಯಲ್ಲಿ ಹೊಸ ಕಳೆ ಬಂದಿತ್ತು. ಹೀಗಿರುವಾಗ ಒಂದು ದಿನ ಬಚ್ಚಲಿನಲ್ಲಿ ಆಯಿ ತಲೆಗೆ ನೀರು ಹೊಯ್ದುಕೊಳ್ಳುತ್ತಿದ್ದಾಗ ನಾನು ಒಳಗೆ ಹೋದೆ. ಅವಳ ಕುತ್ತಿಗೆ, ಬೆನ್ನು, ತೋಳು, ಎಲ್ಲ ಕಡೆ ಅದೇ ಚುಕ್ಕೆ.

"ಆಯಿ, ನಿಂಗೂ ಬಂತು!" ಎಂದೆ. ನನಗೆ ಖುಷಿಯೇ ಆಗಿತ್ತು.

ಆಯಿ ಅವಸರದಲ್ಲಿ ಸೀರೆ ಎಳೆದುಕೊಂಡಳು. "ಅದು ಶೆಟ್ಲಿ ಸುಲಿದ ಉರಿ. ಅಜ್ಜಿ ಹತ್ರ ಹೇಳ್ಬೇಡ. ಹೇಳಿದ್ರೆ ಮತ್ತೆ ವ್ಯಾಪಾರ ಬಂದ್." ಶೆಟ್ಲಿ ಎಂದರೆ ಸೀಗಡಿ. ಅದನ್ನು ಸುಲಿದರೆ ಬೆರಳು ಉರಿಯುತ್ತದೆಯೇ ಹೊರತು ಬೆನ್ನಿನ ಮೇಲೆ ಗಂಧೆ ಏಳುವುದಿಲ್ಲ ಎಂದು ನನಗೂ ಗೊತ್ತಿತ್ತು. ಆದರೆ ಆಯಿಯ ಜೊತೆ ಒಂದು ಗುಟ್ಟು ಸಿಕ್ಕಿದ ಸಂಭ್ರಮದಲ್ಲಿ ನಾನು ಯಾರಿಗೂ ಹೇಳಲಿಲ್ಲ. ಅವಳು ಕುತ್ತಿಗೆ ತುಂಬ ಸೆರಗು ಹೊದ್ದು ತಿರುಗಿದಳು. ಅದೂ ಎರಡು ಮೂರು ದಿನದಲ್ಲಿ ಹೋಯಿತು.

ಇದಾದ ಬೆನ್ನಿಗೇ ಆ ದೊಡ್ಡ ಸೂರ್ಯಗ್ರಹಣ ಬಂತು. ನಮ್ಮ ಕಡೆ ಹಾಡುಹಗಲೇ ಪೂರ್ತಿ ಕತ್ತಲಾಗುತ್ತದೆ ಎಂದು ವಾರಗಟ್ಟಲೆ ಮಾತು ನಡೆದಿತ್ತು. ಬಸುರಿ ಹೊರಗೆ ಬರಬಾರದು, ಕತ್ತಿ ಮುಟ್ಟಬಾರದು, ಬೆಳಕು ಮೈಮೇಲೆ ಬೀಳಬಾರದು ಎಂದು ಅಜ್ಜಿ ಆಯಿಯನ್ನು ಒಳಕೋಣೆಯಲ್ಲಿ ಮಲಗಿಸಿ, ಕಿಟಕಿಯ ಸಂದಿಗೆ ಗೋಣಿ ತುರುಕಿದಳು. ನಾನು ಅಜ್ಜಿಯ ಪಕ್ಕದಲ್ಲಿ ಬಾಗಿಲು ಹಾಕಿದ ಜಗಲಿಯಲ್ಲಿ ಕೂತಿದ್ದೆ. ಮಧ್ಯಾಹ್ನ ಕಳೆದು ಬೆಳಕು ಬೂದಿಯಂತಾಯಿತು. ಕಾಗೆಗಳ ಸದ್ದು ಅಡಗಿತು. ಆಗ ಹಿಂದಿನ ಮರಳಿನ ಕಡೆ ನಾಯಿಗಳು ಕಚ್ಚಾಡುವ ಸದ್ದು. ಅಲ್ಲಿ ಆಯಿಯ ಬಂಗಡೆ ಮೀನು ಬಲೆ ಹೊದ್ದುಕೊಂಡು ಒಣಗುತ್ತಿತ್ತು. ಅಜ್ಜಿ ಏಳುವುದರೊಳಗೆ ಹಿಂಬಾಗಿಲು ತೆರೆದ ಶಬ್ದವಾಯಿತು. ಆಯಿ ಕೋಲು ಹಿಡಿದು ಹೊರಗೆ ಹೋಗಿದ್ದಳು.

ಮರಳಿ ಬಂದಾಗ ಬೆಳಕು ತಿರುಗಿ ಬರತೊಡಗಿತ್ತು. ಅಜ್ಜಿ ಹಣೆ ಹಣೆ ಬಡಿದುಕೊಂಡಳು. "ನಾಲ್ಕ್ ಬಂಗಡೆ ಹೋದ್ರೆ ಎಂತ ಆಗ್ತಿತ್ತು ನಿಂಗೆ? ಹೊಟ್ಟೆಲಿದ್ದದ್ದು ಬೇಡಾಗಿತ್ತಾ?" ಆಯಿ ಕೋಲನ್ನು ಮೂಲೆಗೆ ಒರಗಿಸಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ತಮ್ಮ ಹುಟ್ಟಿದ. ಸಣ್ಣ ಕೂಸು, ಅಂಗೈಯಲ್ಲಿ ಹಿಡಿಯುವಷ್ಟು. ಆದರೆ ಕಣ್ಣು ತುಂಬ ಚುರುಕು. ಯಾರು ಬಂದರೂ ಅವರ ಮುಖವನ್ನೇ ಕಣ್ಣು ಮುಚ್ಚದೆ ನೋಡುತ್ತಿದ್ದ. ಮರುವರ್ಷ ಆಯುಧಪೂಜೆಗೆ ಬಂದರಿನಲ್ಲಿ ಬೋಟುಗಳಿಗೆ ಹೂ ಕಟ್ಟಿ ಪಟಾಕಿಯ ಸರ ಹಚ್ಚಿದರು. ಕೇರಿಯ ಕೂಸುಗಳೆಲ್ಲ ಕಿರುಚಿ ತಾಯಂದಿರ ಸೊಂಟ ತಬ್ಬಿದವು. ನಮ್ಮವನು ಮಾತ್ರ ಆಯಿಯ ತೋಳಲ್ಲಿ ಹೊಗೆ ನೋಡುತ್ತ ನಗುತ್ತಿದ್ದ. "ನನ್ ಮಗ ಧೈರ್ಯಸ್ಥ" ಎಂದು ಆಯಿ ಸುತ್ತಲಿನ ಹೆಂಗಸರಿಗೆಲ್ಲ ತೋರಿಸಿದಳು. ಹೆಂಗಸರಲ್ಲಿ ಒಬ್ಬಳು ನಗಲಿಲ್ಲ. ಅವನ ಬೆನ್ನ ಹಿಂದೆ ಹೋಗಿ ಜೋರಾಗಿ ಚಪ್ಪಾಳೆ ತಟ್ಟಿದಳು. ಅವನು ತಿರುಗಲಿಲ್ಲ. ಇನ್ನೊಮ್ಮೆ ತಟ್ಟಿದಳು. ಆಯಿಯ ಮುಖದ ಮೇಲಿನ ನಗು ಆರಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ.

ಅವತ್ತಿನಿಂದ ಅಜ್ಜಿಯ ಬಾಯಲ್ಲಿ ಒಂದೇ ಮಾತು: ಗ್ರಹಣ. ಅನ್ನ ತಳ ಹಿಡಿದರೆ, ಅಪ್ಪನ ಬೋಟಿಗೆ ಮೀನು ಬೀಳದಿದ್ದರೆ, ತಮ್ಮ ಕರೆದರೂ ಬಾರದೆ ಅಂಗಳದಲ್ಲೇ ಕೂತರೆ, ಅದು ಗ್ರಹಣಕ್ಕೆ ಹೋಗಿ ನಿಲ್ಲುತ್ತಿತ್ತು. "ಬಂಗಡೆಗೆ ಕಿವಿ ಮಾರಿದವಳು" ಎಂದು ಒಮ್ಮೆ ನೆಂಟರ ಎದುರೇ ಅಂದಳು. ಅಪ್ಪ ಒಳ್ಳೆಯವನೇ, ಆದರೆ ತಾಯಿಗೆ ಎದುರು ಆಡುವವನಲ್ಲ. ಎದ್ದು ಧಕ್ಕೆಗೆ ಹೋಗಿಬಿಡುತ್ತಿದ್ದ.

ಆಯಿ ಇಡಗುಂಜಿಗೆ ಪಂಚಕಜ್ಜಾಯದ ಹರಕೆ ಹೊತ್ತಳು. ಮಗನ ಬಾಯಲ್ಲಿ ಮಾತು ಬರಲಿ ಎಂದು ಪ್ರತಿ ವರ್ಷ ನಡೆದೇ ಹೋಗುವುದು. ಒಂದು ವರ್ಷ ನಾನೂ ಜೊತೆಗಿದ್ದೆ. ತಮ್ಮನನ್ನು ಸರದಿಯ ಮೇಲೆ ಎತ್ತಿಕೊಳ್ಳುತ್ತಿದ್ದೆವು. ದಾರಿಯಲ್ಲಿ ಒಂದು ಮರದ ಬುಡದಲ್ಲಿ ಕೂತಾಗ ಆಯಿ ತಾನಾಗಿಯೇ ಹೇಳಿದಳು:

"ನಾಯಿ ಓಡ್ಸೂಕೆ ಹೋದ್ದು ಹೌದು. ಆದ್ರೆ ನಾಯಿ ಓಡಿ ಹೋದ್ಮೇಲೂ ನಾ ಅಲ್ಲೇ ನಿಂತಿದ್ದೆ ಮಗಾ. ಹಗಲಿಗೇ ನಕ್ಷತ್ರ ಕಂಡಿತ್ತು. ಸಮುದ್ರ ಬೇರೆ ಬಣ್ಣ ಆಗಿತ್ತು. ಚೆಂದ ಇತ್ತು. ಒಳಗೆ ಹೋಗ್ಬೇಕು ಅಂತ ಗೊತ್ತಿತ್ತು, ಕಾಲೇ ಬರ್ಲಿಲ್ಲ. ಅದ್ಕೇ ಹೀಗಾತು."

ನನಗೆ ಆಗ ಹನ್ನೆರಡೋ ಹದಿಮೂರೋ. ಶಾಲೆಯಲ್ಲಿ ಗ್ರಹಣ ಎಂದರೆ ನೆರಳು ಎಂದು ಕಲಿತಿದ್ದೆ. ಹಾಗೆಂದು ಹೇಳಿದೆ ಕೂಡ. ಆಯಿ ತಮ್ಮನ ಬಾಯಿಂದ ಮಣ್ಣು ತೆಗೆಯುತ್ತ, "ನೆರಳು ಬಿದ್ದಲ್ಲಿ ಹುಲ್ಲೂ ಬೆಳೆಯೂದಿಲ್ಲ" ಎಂದಳು.

ತಮ್ಮ ದೊಡ್ಡವನಾದಂತೆ ಅವನನ್ನು ಪಾಪದವನೆಂದು ತಿಳಿಯುವುದು ಯಾರಿಗೂ ಸಾಧ್ಯವಿರಲಿಲ್ಲ. ಮಹಾ ಹಟಮಾರಿ. ಬೆಲ್ಲದ ಡಬ್ಬಿ ಎಲ್ಲಿಟ್ಟರೂ ಹುಡುಕುತ್ತಿದ್ದ. ಕವಡೆಯಾಟದಲ್ಲಿ ಮೋಸ ಮಾಡಿ, ಸಿಕ್ಕಿಬಿದ್ದರೆ ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದ. ಕಣ್ಣು ಮುಚ್ಚಿದರೆ ನಮ್ಮ ಬೈಗುಳ ಅವನನ್ನು ಮುಟ್ಟುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ನಾವು ಅವನ ಜೊತೆ ಕೈಯಲ್ಲೇ ಮಾತಾಡುತ್ತಿದ್ದೆವು. ಆ ಭಾಷೆಯನ್ನು ಯಾರೂ ನಮಗೆ ಕಲಿಸಿರಲಿಲ್ಲ. ಮನೆಯಲ್ಲೇ ಹುಟ್ಟಿದ್ದು. ಮೀಸೆ ತಿರುವಿದರೆ ಅಪ್ಪ, ತಲೆಯ ಮೇಲೆ ಎರಡು ಕೈ ಇಟ್ಟರೆ ಬುಟ್ಟಿ ಹೊತ್ತ ಆಯಿ, ಎರಡು ಜಡೆ ಎಳೆದರೆ ನಾನು.

ತಿಂಗಳಿಗೊಮ್ಮೆ ದಕ್ಷಿಣದ ಕಡೆಯಿಂದ ಒಬ್ಬರು ಕಿವಿಯ ಡಾಕ್ಟರು ಭಟ್ಕಳದ ಒಂದು ದವಾಖಾನೆಗೆ ಬರುತ್ತಾರೆ ಎಂದು ಅಪ್ಪನಿಗೆ ಧಕ್ಕೆಯಲ್ಲಿ ಯಾರೋ ಹೇಳಿದರು. ಆಗ ತಮ್ಮನಿಗೆ ಐದರ ಹತ್ತಿರ, ನನಗೆ ಹದಿನಾಲ್ಕು. ಅಪ್ಪ ಸಮುದ್ರಕ್ಕೆ ಹೋಗಿದ್ದ. ಆಯಿಗೆ ಓದಲು ಬರುತ್ತಿರಲಿಲ್ಲವಾದ್ದರಿಂದ ನಾನು ಜೊತೆಗೆ ಹೋದೆ.

ದವಾಖಾನೆಯ ಬಾಗಿಲಲ್ಲಿ ಜನ ತುಂಬಿದ್ದರು. ನಮ್ಮ ಮುಂದಿನವರು ಭಟ್ಕಳದ ಮುಸಲ್ಮಾನರ ನವಾಯತಿಯಲ್ಲಿ ಮಾತಾಡುತ್ತಿದ್ದರು. ಅವರಲ್ಲೊಬ್ಬ ಮುದುಕಿ ತಮ್ಮನ ಕೈಗೆ ಖರ್ಜೂರ ಕೊಟ್ಟು, ಹೆಸರು ಕೇಳಿ, ಅವನು ಸುಮ್ಮನಿದ್ದದ್ದು ಕಂಡು, ಆಯಿಯ ಬೆನ್ನು ಸವರಿದಳು.

ಡಾಕ್ಟರು ತಮ್ಮನ ಕಿವಿಯೊಳಗೆ ಬೆಳಕು ಹಾಕಿ ನೋಡಿದರು. ಅವನ ಹಿಂದೆ ನಿಂತು ಗಂಟೆ ಬಾರಿಸಿದರು, ತಟ್ಟೆ ಬಡಿದರು. ಎದೆಗೆ ಕೊಳವೆ ಇಟ್ಟು ಕೇಳಿದರು, ಕಣ್ಣು ಅಗಲಿಸಿ ನೋಡಿದರು. ಆಮೇಲೆ ಆಯಿಯನ್ನು ಕೂರಲು ಹೇಳಿ, ಕುಟುಂಬದಲ್ಲಿ ಇನ್ಯಾರಾದರೂ ಕಿವುಡರಿದ್ದಾರೆಯೇ ಎಂದು ವಿಚಾರಿಸಿದರು. ಇರಲಿಲ್ಲ. ಹುಟ್ಟುವಾಗ ಕಷ್ಟವಾಗಿತ್ತೇ? ಇಲ್ಲ.

ಆಯಿ ತಲೆ ತಗ್ಗಿಸಿ ಹೇಳಿದಳು, "ಡಾಕ್ಟ್ರೆ, ಬಸುರಿದ್ದಾಗ ನಾ ಗ್ರಹಣ ನೋಡಿದ್ದೆ."

ಡಾಕ್ಟರು ನಗಲಿಲ್ಲ. ಅದಕ್ಕಾಗಿ ನಾನು ಅವರಿಗೆ ಈಗಲೂ ಋಣಿ. "ಗ್ರಹಣ ನೋಡಿದರೆ ನೋಡಿದವರ ಕಣ್ಣಿಗೆ ತೊಂದರೆ ಆಗಬಹುದು ತಾಯಿ. ಹೊಟ್ಟೆಯೊಳಗಿನ ಕೂಸಿಗೆ ಏನೂ ಆಗುವುದಿಲ್ಲ. ಅದನ್ನು ತಲೆಯಿಂದ ತೆಗೆದುಹಾಕಿ" ಎಂದರು.

ಆಯಿ ಮುಖ ಎತ್ತಿದಳು. ಆ ಒಂದು ಕ್ಷಣ ಅವಳ ಮುಖ ನಾನು ಹಿಂದೆಂದೂ ಕಾಣದಷ್ಟು ಹಗುರಾಗಿತ್ತು.

ಡಾಕ್ಟರು ಮುಂದುವರಿಸಿದರು. "ಇನ್ನೊಂದು ಕೇಳುತ್ತೇನೆ, ನೆನಪು ಮಾಡಿಕೊಂಡು ಹೇಳಿ. ಜರ್ಮನ್ ಮೀಸಲ್ಸ್ ಅಂತ ಒಂದು ಇದೆ. ನೋಡಲು ದಡಾರದ ಹಾಗೆ, ಆದರೆ ದಡಾರವಲ್ಲ, ಬೇರೆಯದೇ ವೈರಸ್. ಮಕ್ಕಳಿಗೆ ಬಂದರೆ ಏನೂ ಅಲ್ಲ. ಸಣ್ಣ ಜ್ವರ, ಕೆಂಪು ಗಂಧೆ, ಕಿವಿಯ ಹಿಂದೆ ಗಂಟು, ಎರಡು ಮೂರು ದಿನಕ್ಕೆ ಹೋಗುತ್ತದೆ. ಕೆಮ್ಮಿದರೆ, ಸೀನಿದರೆ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಅದೇ ಬಸುರಿಗೆ ಮೊದಲ ತಿಂಗಳುಗಳಲ್ಲಿ ತಾಗಿದರೆ ಹೊಟ್ಟೆಯೊಳಗೆ ಇಳಿಯುತ್ತದೆ. ಕೂಸಿನ ಕಿವಿ, ಕಣ್ಣು, ಹೃದಯ ಆಗ ತಾನೇ ಆಗುತ್ತಿರುತ್ತವಲ್ಲ, ಅವಕ್ಕೇ ಹೊಡೆತ. ಆ ದಿನಗಳಲ್ಲಿ ನಿಮ್ಮ ಮನೆಯಲ್ಲಿ ಯಾವುದಾದರೂ ಮಗುವಿಗೆ ಹೀಗೆ ಗಂಧೆ ಬಂದಿತ್ತೇ? ನಿಮ್ಮ ಮೈಮೇಲೆ?"

ಹೊಳನಗದ್ದೆಯ ಕಂಬಳಿ, ಬೇವಿನ ಎಸಳು, ಬಚ್ಚಲಿನಲ್ಲಿ ಕಂಡ ಬೆನ್ನು, ಎಲ್ಲ ಒಟ್ಟಿಗೆ ಬಂದವು. ನಾನು ಆಯಿಯ ಕಡೆ ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ. ಮೇಜಿನ ಮೇಲಿದ್ದ ಗಂಟೆಯನ್ನೇ ನೋಡುತ್ತಿದ್ದಳು. ಅವಳ ಬಲಗೈ ಮಾತ್ರ ನನ್ನ ಮೊಣಕೈಯನ್ನು ಹಿಡಿಯಿತು. ಬುಟ್ಟಿ ಹೊತ್ತು ಗಟ್ಟಿಯಾದ ಕೈ. ನೋಯುವಷ್ಟು ಬಿಗಿಯಾಗಿ ಹಿಡಿದಿತ್ತು.

"ಇಲ್ಲ ಡಾಕ್ಟ್ರೆ," ಎಂದಳು. "ನಮ್ ಮನೆಲಿ ಯಾರಿಗೂ ಬರ್ಲಿಲ್ಲ. ನಂಗೂ ಬರ್ಲಿಲ್ಲ."

"ಸರಿಯಾಗಿ ನೆನಪು ಮಾಡಿ."

"ಇಲ್ಲ. ಎಂತದೂ ಇಲ್ಲ."

ಹಾಗಾದರೆ ಕಾರಣ ಹೇಳಲು ಬರುವುದಿಲ್ಲ, ಕಾರಣ ಸಿಕ್ಕಿದರೂ ಈ ಕಿವಿಗೆ ಔಷಧವಿಲ್ಲ ಎಂದು ಡಾಕ್ಟರು ಹೇಳಿದರು. ಅವನಿಗೆ ಕೈಮಾತು ನಿಲ್ಲಿಸಬೇಡಿ, ಬಣ್ಣ, ಚಿತ್ರ, ಕೆಲಸ ಏನು ಸಾಧ್ಯವೋ ಎಲ್ಲ ಕಲಿಸಿ ಎಂದರು. ನಾನು ಬಾಯಿ ಬಿಡಲಿಲ್ಲ. ಹೇಳಬೇಕಿತ್ತು. ಹೇಳಿದ್ದರೆ ಆಯಿ ನಾಲ್ಕು ವರ್ಷದಿಂದ ಹೊತ್ತದ್ದು ಅಲ್ಲೇ ಇಳಿಯುತ್ತಿತ್ತು. ಆದರೆ ಮೊಣಕೈಯ ಮೇಲಿನ ಆ ಹಿಡಿತ ಬೇಡ ಎನ್ನುತ್ತಿತ್ತು. ನನಗೂ ಹೆದರಿಕೆ.

ಬಸ್ಸಿನಲ್ಲಿ ತಮ್ಮ ಕಿಟಕಿಯ ಹತ್ತಿರ ಕೂತು ಗಾಳಿಗೆ ಬಾಯಿ ತೆರೆದು ನಗುತ್ತಿದ್ದ. ಆಯಿ ಹೊನ್ನಾವರ ಹತ್ತಿರ ಬಂದಾಗ "ಹಸಿವಾತಾ?" ಎಂದು ಮಾತ್ರ ಕೇಳಿದಳು. ಮನೆಯಲ್ಲಿ ಅಜ್ಜಿ ಡಾಕ್ಟರು ಎಂತ ಹೇಳಿದರು ಎಂದಾಗ, "ಕಾರಣ ಗೊತ್ತಾಗ್ಲಿಲ್ಲ ಅಂದ್ರು" ಎಂದಳು.

"ನಂಗೆ ಗೊತ್ತು," ಎಂದಳು ಅಜ್ಜಿ. "ಅಷ್ಟ್ ದೂರ ಹೋಗ್ಬೇಕಾಗಿತ್ತಾ ಕೇಳೂಕೆ?"

ಆಯಿ ಒಲೆಯ ಮುಂದೆ ಕೂತು ಬೆಂಕಿ ಊದಿದಳು. ಗ್ರಹಣದ ಸುದ್ದಿ ಸುಳ್ಳೆಂದು ಅವಳಿಗೆ ಅವತ್ತು ಗೊತ್ತಾಗಿತ್ತು. ಗೊತ್ತಾದ ಮೇಲೂ ಅವಳು ಅದನ್ನೇ ಇಟ್ಟುಕೊಂಡಳು. ಆಮೇಲಿನ ಎರಡು ವರ್ಷ ಅಜ್ಜಿ ಆ ಮಾತು ಎತ್ತಿದಾಗಲೆಲ್ಲ ನಾನು ಹೊರಗೆ ಎದ್ದು ಹೋಗುತ್ತಿದ್ದೆ, ಅಪ್ಪ ಹೋಗುತ್ತಿದ್ದ ಹಾಗೆಯೇ. ಊಟ ಸೇರುತ್ತಿರಲಿಲ್ಲ. ತಮ್ಮನಿಗೆ ನನ್ನ ಪಾಲಿನ ಬೆಲ್ಲವನ್ನೆಲ್ಲ ಕೊಟ್ಟೆ. ಅವನು ಆಟದಲ್ಲಿ ಮೋಸ ಮಾಡಿದರೂ ಸುಮ್ಮನೆ ಸೋತೆ. ಅದು ಅವನಿಗೆ ಹಿಡಿಸಲಿಲ್ಲ. ಸುಮ್ಮನೆ ಸೋಲುವವರ ಜೊತೆ ಆಡಲಾರೆ ಎಂದು ಕವಡೆ ಎಸೆದು ಎದ್ದುಹೋದ.

ಎಸ್ಸೆಸ್ಸೆಲ್ಸಿ ಮುಗಿಸಿ ನಾನು ಹೊಲಿಗೆ ಕಲಿಯುತ್ತಿದ್ದಾಗ ಪಕ್ಕದ ಮನೆಗೆ ಸೊಸೆ ಬಂದಳು. ಅಪ್ಸರಕೊಂಡದ ಕಡೆಯ ಹುಡುಗಿ. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಮದುವೆಯಾದ ಸ್ವಲ್ಪ ಸಮಯಕ್ಕೆ ಬಸುರಾದಳು. ಕೇರಿಯ ಮಕ್ಕಳೆಂದರೆ ಅವಳಿಗೆ ಜೀವ. ಒಂದು ದಿನ ನಾನು ಬಾವಿಗೆ ಹೋದರೆ ಅವಳು ಕೇರಿಯ ತುದಿಯ ಮನೆಯ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು, ಕೆನ್ನೆಗೆ ಕೆನ್ನೆ ತಾಗಿಸಿ ಆಡಿಸುತ್ತಿದ್ದಳು. ಕೂಸಿನ ಮುಖದ ತುಂಬ ಕೆಂಪು ಚುಕ್ಕೆ.

ನನ್ನ ಕೊಡ ಕೈಬಿಟ್ಟು ಉರುಳಿತು. "ಅಕ್ಕಾ, ಅದ್ನ ಕೆಳಗೆ ಬಿಡು. ಈಗ್ಲೇ ಬಿಡು!"

"ಎಂತಕೆ? ಎಂತ ಆತು?" ಅವಳು ನಕ್ಕಳು. "ಎಳೆ ದಡಾರ ಮಾರಾಯ್ತಿ. ಅದ್ಕೂ ಹೆದರ್ತಾರಾ?"

ಎಳೆ ದಡಾರ ಎಂಬ ಮಾತು ಕೇಳಿದ್ದೇ ನನಗೆ ತಡೆಯಲಾಗಲಿಲ್ಲ. "ನಂಗೂ ಇದೇ ಬಂದಿತ್ತು," ಎಂದೆ. "ನನ್ನಿಂದ ಆಯಿಗೆ ಹೋತು. ಆಗ ತಮ್ಮ ಹೊಟ್ಟೆಲಿದ್ದ. ಗ್ರಹಣದಿಂದ ಅಲ್ಲ ಅಕ್ಕಾ, ನನ್ನಿಂದ ಅವನಿಗೆ ಹಾಂಗಾದ್ದು."

ಬಾವಿಯ ಹತ್ತಿರ ಇನ್ನೂ ಇಬ್ಬರು ಹೆಂಗಸರಿದ್ದರು. ಎಲ್ಲರ ಕೈಯ ಹಗ್ಗ ನಿಂತಿತು. ಅಕ್ಕ ಕೂಸನ್ನು ಮೆಲ್ಲಗೆ ಕೆಳಗಿಳಿಸಿದಳು. ಮರುದಿನ ಅವಳ ಗಂಡ ಅವಳನ್ನು ತವರಿಗೆ ಬಿಟ್ಟು ಬಂದ. ಅಲ್ಲೇ ಹೆತ್ತಳು, ಕೂಸು ಗಟ್ಟಿಮುಟ್ಟಾಗಿತ್ತು. ನಾನು ಹೇಳದೇ ಇದ್ದರೂ ಹಾಗೆಯೇ ಇರುತ್ತಿತ್ತೋ ಏನೋ. ಒಮ್ಮೆ ಬಂದವರಿಗೆ ಅದು ಮತ್ತೆ ಬರುವುದು ಅಪರೂಪವಂತೆ. ಅವಳಿಗೆ ಚಿಕ್ಕಂದಿನಲ್ಲೇ ಬಂದುಹೋಗಿರಲೂಬಹುದು. ಅದನ್ನು ತಿಳಿಯುವ ದಾರಿ ನನಗಿರಲಿಲ್ಲ.

ಆದರೆ ಬಾವಿಕಟ್ಟೆಯಲ್ಲಿ ಆಡಿದ ಮಾತು ನಾನು ಮನೆ ಸೇರುವ ಮೊದಲೇ ಅಜ್ಜಿಗೆ ಮುಟ್ಟಿತ್ತು. ಅಜ್ಜಿ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಳು. ಆಯಿ ಮೀನಿನ ಬುಟ್ಟಿ ಇಳಿಸಿ ಆಗಷ್ಟೇ ಬಂದಿದ್ದಳು.

"ಇವಳು ಎಂತ ಹೇಳ್ತಾಳೆ ಕೇರಿ ತುಂಬ? ಹೌದಾ?" ಅಜ್ಜಿ ಕೇಳಿದ್ದು ನನ್ನನ್ನಲ್ಲ, ಆಯಿಯನ್ನು.

ಆಯಿ ಸೆರಗಿನಲ್ಲಿ ಕೈ ಒರೆಸಿಕೊಂಡಳು. ನಾನೇ ಹೇಳಿದೆ. ಭಟ್ಕಳದ ಡಾಕ್ಟರು ಅಂದದ್ದು, ಆಯಿ ಇಲ್ಲ ಅಂದದ್ದು, ಬಚ್ಚಲಿನಲ್ಲಿ ನಾನು ಕಂಡದ್ದು, ಎಲ್ಲ. ಹೇಳುವಾಗ ಅಳು ಬಂದು ಅರ್ಧ ಮಾತು ನುಂಗಿ ಹೋಯಿತು.

ಅಜ್ಜಿ ಆಯಿಯ ಕಡೆ ತಿರುಗಿದಳು. "ಇಷ್ಟ್ ವರ್ಷ ನಾ ಆಡಿದ್ದೆಲ್ಲ ಕೇಳ್ಕಂಡ್ ಕೂತಿದ್ಯಲ್ಲ. ಬಾಯಿ ಇರ್ಲಿಲ್ವಾ ನಿಂಗೆ?"

"ಬಾಯಿ ಬಿಟ್ರೆ ಇವಳ ಹೆಸರು ಬರ್ತಿತ್ತು ಅತ್ತೆ."

ಅಜ್ಜಿ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು ಮತ್ತೆ ಅಲ್ಲೇ ಕೂತಳು. ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. "ಎಳೇದು ಅಂತ ಹೇಳಿದವಳು ನಾನು," ಎಂದಳು, ಗೋಡೆಗೆ ಹೇಳುವ ಹಾಗೆ. "ತಾಯಿ ಹತ್ರ ಮಲಗ್ಸು ಅಂದವಳೂ ನಾನೇ."

ಗ್ರಹಣದ ಮಾತು ಆಮೇಲೆ ಅಜ್ಜಿ ಸಾಯುವವರೆಗೂ ನಮ್ಮ ಮನೆಯಲ್ಲಿ ಬರಲಿಲ್ಲ. ಕ್ಷಮೆ ಕೇಳುವ ರೂಢಿ ನಮ್ಮಲ್ಲಿಲ್ಲ. ಆದರೆ ಆಯಿ ಬುಟ್ಟಿ ಹೊತ್ತು ಬಂದಾಗ ಅಜ್ಜಿ ಎದ್ದು ಹೋಗಿ ತಾನೇ ಅದನ್ನು ಇಳಿಸಿಕೊಡತೊಡಗಿದಳು. ಅವಳ ಸೊಂಟಕ್ಕೆ ಅದು ಆಗುವ ಕೆಲಸವಲ್ಲ. ಬೇಡವೆಂದರೂ ಬಿಡಲಿಲ್ಲ.

ಆಯಿಗೆ ಮಾತ್ರ ನನ್ನ ಮೇಲೆ ಸಿಟ್ಟು ಬಂದಿತ್ತು. ಮರುದಿನ ಮರಳಿನ ಮೇಲೆ ಮೀನು ಮಗುಚುತ್ತ ಹೇಳಿದಳು: "ಒಬ್ಳು ಹೊತ್ರೆ ಸಾಕಾಗಿತ್ತು. ಈಗ ನೋಡು, ಮನೆಲಿ ಮೂರು ಜನ."

"ನೀ ತಪ್ಪೇ ಮಾಡ್ಲಿಲ್ಲ ಆಯಿ."

"ನೀ ಎಂತ ಮಾಡಿದ್ದೆ? ಒಂಬತ್ತ್ ವರ್ಷದ ಕೂಸು." ಅವಳು ಇನ್ನೊಂದು ಸಾಲು ಮಗುಚಿದಳು. "ತಪ್ಪಿರ್ಲಿ ಇಲ್ದೇ ಇರ್ಲಿ. ಹೊಟ್ಟೆ ಉರಿಯೂದು ಉರೀತದೆ. ಅದು ನಿಂಗೆ ಬೇಡ ಅಂತ ಇತ್ತು ನಂಗೆ."

ಮನೆಯಲ್ಲಿ ಏನೋ ನಡೆದಿದೆ ಎಂದು ತಮ್ಮನಿಗೆ ಗೊತ್ತಾಗದೇ ಇರಲಿಲ್ಲ. ಕಣ್ಣಿನಲ್ಲೇ ಕೇಳುವವನು ಅವನು. ಕೇರಿಯ ಹೆಂಗಸರು ತನ್ನನ್ನು ತೋರಿಸಿ, ಆಮೇಲೆ ನನ್ನನ್ನು ತೋರಿಸಿ ಮಾತಾಡುವುದನ್ನು ನೋಡಿದ್ದ. ಆಗ ಅವನಿಗೆ ಏಳು ವರ್ಷ. ಒಂದು ಸಂಜೆ ನಾನು ಹೊಲಿಗೆಯ ಬಟ್ಟೆ ಮಡಚುತ್ತಿದ್ದಾಗ ಎದುರು ಬಂದು ಕೂತ. ತನ್ನ ಕಿವಿ ಮುಟ್ಟಿ, ಬೆರಳು ತಿರುಗಿಸಿ, ಯಾಕೆ ಎಂದು ಕೇಳಿದ. ನಾನು ಉತ್ತರಿಸುವ ಮೊದಲೇ ತನಗೆ ಗೊತ್ತಿದ್ದ ಉತ್ತರವನ್ನು ತಾನೇ ಹೇಳಿದ. ಒಂದು ಮುಷ್ಟಿಯನ್ನು ಆಕಾಶಕ್ಕೆ ಎತ್ತಿ, ಇನ್ನೊಂದು ಅಂಗೈಯಿಂದ ಅದನ್ನು ಮೆಲ್ಲಗೆ ಮುಚ್ಚಿದ. ಅಜ್ಜಿ ಬೈಯುವಾಗೆಲ್ಲ ಕೈ ಎತ್ತಿ ಮಾಡುತ್ತಿದ್ದ ಅಭಿನಯ ಅದು. ಅವನು ಅದನ್ನು ನೋಡಿಯೇ ಕಲಿತು, ನಂಬಿಕೊಂಡಿದ್ದ ಎಂದು ನನಗೆ ಗೊತ್ತೇ ಇರಲಿಲ್ಲ.

ಅಲ್ಲ ಎಂದು ನಾನು ತಲೆಯಾಡಿಸಿದೆ. ನನ್ನ ಎರಡು ಜಡೆ ಎಳೆದು ತೋರಿಸಿದೆ. ನೆಲದಿಂದ ಇಷ್ಟೆತ್ತರ ಎಂದು ಕೈ ಹಿಡಿದು, ಸಣ್ಣವಳಿದ್ದಾಗ ಎಂದೆ. ಬೆರಳ ತುದಿಯಿಂದ ಕೆನ್ನೆಯ ಮೇಲೆ, ಕುತ್ತಿಗೆಯ ಮೇಲೆ ಚುಕ್ಕೆ ಚುಕ್ಕೆ ಇಟ್ಟೆ. ಆಯಿಯನ್ನು ತೋರಿಸಿದೆ, ಅವಳ ಮೈಮೇಲೂ ಚುಕ್ಕೆ. ಆಮೇಲೆ ಹೊಟ್ಟೆ ಉಬ್ಬಿಸಿ, ಅದರೊಳಗೆ ನೀನು ಎಂದೆ. ನಿನ್ನ ಕಿವಿ ಎಂದೆ. ಕೊನೆಗೆ ನನ್ನ ಎದೆಯನ್ನು ಮುಟ್ಟಿಕೊಂಡೆ, ನಾನು ಎಂದು. ಅದಕ್ಕಿಂತ ಹೆಚ್ಚಿನದನ್ನು ಹೇಳುವ ಸನ್ನೆ ನಮ್ಮಲ್ಲಿರಲಿಲ್ಲ. ನನ್ನಿಂದಾಯಿತು ಎನ್ನುವುದಕ್ಕೂ ಇರಲಿಲ್ಲ, ಬೇಕೆಂದು ಮಾಡಲಿಲ್ಲ ಎನ್ನುವುದಕ್ಕೂ ಇರಲಿಲ್ಲ.

ಅವನು ಹುಬ್ಬು ಗಂಟಿಕ್ಕಿ ಯೋಚಿಸಿದ. ಮುಖವನ್ನು ಹತ್ತಿರ ತಂದು ನನ್ನ ಕೆನ್ನೆಗಳನ್ನು ಒಂದೊಂದಾಗಿ ಪರೀಕ್ಷಿಸಿದ, ಚುಕ್ಕೆ ಇನ್ನೂ ಉಳಿದಿದೆಯೋ ಎಂದು. ಇರಲಿಲ್ಲ. ಆಮೇಲೆ ತನ್ನ ತೋಳನ್ನು ತಾನೇ ಚಿವುಟಿಕೊಂಡು, ಮುಖ ಕಿವುಚಿ, ನನ್ನ ಕೆನ್ನೆ ತೋರಿಸಿದ. ನೋವಾಗಿತ್ತಾ, ಎಂದು ಕೇಳುತ್ತಿದ್ದ.

ಇಲ್ಲ ಎಂದು ತಲೆಯಾಡಿಸಿದೆ. ಅದು ನಿಜವಾಗಿತ್ತು. ಅವನು ಒಳ್ಳೆಯದಾಯಿತು ಎನ್ನುವಂತೆ ನನ್ನ ಕೆನ್ನೆ ತಟ್ಟಿ, ಮಡಚಿಟ್ಟ ಬಟ್ಟೆಯನ್ನು ಕಾಲಿನಿಂದ ಕೆದರಿ, ಸಿಕ್ಕಿಬೀಳುವ ಮೊದಲೇ ಕಣ್ಣು ಮುಚ್ಚಿಕೊಂಡು ಹೊರಗೆ ಓಡಿದ. ಹೊಸ್ತಿಲಿಗೆ ಎಡವಿದ ಕೂಡ.

ಈಗ ಅವನು ಬಂದರಿನ ಐಸ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾನೆ. ಹೆಂಡತಿ, ಇಬ್ಬರು ಮಕ್ಕಳಿದ್ದಾರೆ. ಆ ಮಕ್ಕಳಿಗೆ ಶಾಲೆಯಲ್ಲಿ ಎಳೆ ದಡಾರದ ಸೂಜಿ ಹಾಕಿದ ದಿನ ಅವನು ರಜೆ ಹಾಕಿ ಬಾಗಿಲಲ್ಲೇ ನಿಂತಿದ್ದ. ಆಯಿ ಅಷ್ಟರಲ್ಲಿ ತೀರಿಹೋಗಿದ್ದಳು. ನನಗೆ ಅವನ ಜೊತೆ ಎಂದೂ ಜಗಳ ಆಡಲು ಆಗಿಲ್ಲ, ಅದಕ್ಕೆ ಅವನು ಈಗಲೂ ಸಿಡುಕುತ್ತಾನೆ. ನೋವಾಗಿತ್ತಾ ಎಂದು ಅವನು ಕೇಳಿದ್ದಕ್ಕೆ ಹೌದು ಎನ್ನುವಷ್ಟಾದರೂ ಆ ಕಾಯಿಲೆ ನನ್ನನ್ನು ಕಾಡಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಕಾಡಲಿಲ್ಲ. ಆ ದಿನಗಳಲ್ಲಿ ನಾನು ಎಳನೀರು ಕುಡಿದು, ಆಯಿಯ ಮಡಿಲಲ್ಲಿ ಸುಖವಾಗಿ ನಿದ್ದೆ ಮಾಡಿದ್ದೆ.